ಅವ್ವನನ್ನು ಕೂರಿಸಿದವರು

ವಿಚಿತ್ರ ಅನುಭವ ಎಂದು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಅರ್ಧ ನಿದ್ದೆ, ಅರ್ಧ ಹೆದರಿಕೆ, ಮೇಲೊಂದಿಷ್ಟು ಸುಳ್ಳು ಎಂದೇ ತಿಳಿದಿದ್ದೆ. ಆದರೆ ನಾನು ಹೇಳುವುದು ಹಾಡಹಗಲು ನಡೆದದ್ದು. ಆಗ ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಅದು ಇನ್ನೂ ಪೂರ್ತಿ ಇಳಿದಿಲ್ಲ.

ಎಂಬತ್ತರ ದಶಕದ ಮಾತು. ಹಿರೇಬೆಂಡಿಗೇರಿಯ ನಮ್ಮ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ನಾನು ದುಂಡಸಿಯ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಅವ್ವನ ಸೊಂಟದ ಕೀಲು ಸವೆದು ಹೆಜ್ಜೆ ಇಡಲಾರದಂತಾದಾಗ ಮಿರಜಿಗೆ ಕರೆದೊಯ್ದು, ಅದನ್ನು ತೆಗೆಸಿ ಲೋಹದ ಕೀಲು ಹಾಕಿಸಿಕೊಂಡು ಬಂದೆ. ನಮ್ಮ ಸುತ್ತಿನ ಊರುಗಳಲ್ಲಿ ಅಂಥ ಆಪರೇಷನ್ ಆದವರನ್ನು ಯಾರೂ ನೋಡಿರಲಿಲ್ಲ. ದಿನಾ ವಾಕರ್ ಹಿಡಿದು ನಡೆಯಬೇಕು, ಇಲ್ಲವಾದರೆ ಕಾಲು ಸೆಟೆದುಕೊಂಡು ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ನೆಲಕ್ಕೆ ಕೂರುವಂತಿಲ್ಲ, ಚಕ್ಕಳಮಕ್ಕಳ ಹಾಕಿದರಂತೂ ಕೀಲು ಜಾರುತ್ತದೆ. ನಾನು ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ, ಬಡಿಗೇರನ ಕೈಯಲ್ಲಿ ನಡುವೆ ತೂತಿರುವ ಕುರ್ಚಿ ಮಾಡಿಸಿ ಹಿತ್ತಲಲ್ಲಿಟ್ಟೆ.

ಊರವರು ಮಾತಾಡಿಸಲು ಬಂದರು. ಚಹಾ ಕುಡಿದರು, ತೂತಿನ ಕುರ್ಚಿ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ‘ಪಾಪ’ ಅಂದು ಹೋದರು. ಅದನ್ನೆಲ್ಲ ನುಂಗಿಕೊಂಡೆ. ಹಾನಗಲ್ಲಿನಿಂದ ಬಂದ ದೊಡ್ಡಪ್ಪನನ್ನು ಮಾತ್ರ ನುಂಗಲಾಗಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಚಿ, ಎಡಗೈಯಲ್ಲಿ ಲಿಂಗವಿಟ್ಟು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಈ ಮಹಾರಾಯ ಎಮ್ಮೆ ಕೊಳ್ಳಲು ಬಂದವನ ಹಾಗೆ ಅವ್ವನ ಕಾಲನ್ನು ನೋಡಿದ.

“ಕಾಲು ಮಡಚಾಕ ಬರೂದಿಲ್ಲ ಅಂದ್ರ ನಾಳೆ ಕುಣ್ಯಾಗ ಹೆಂಗ ಕುಂದರಸೂದು? ಮುರದ ಕುಂದರಸಬೇಕಾಕ್ಕತಿ” ಅಂದ.

ಬದುಕಿ ಕೂತ ಹೆಂಗಸಿನ ಎದುರಿಗೇ ಅಂದ. “ದೊಡ್ಡಪ್ಪಾ, ಮದ್ಲ ನೀವು ಏಳ್ರಿ” ಎಂದು ಬಾಗಿಲು ತೋರಿಸಿದೆ. ಅವನು ಹೋದ, ಮಾತು ಹೋಗಲಿಲ್ಲ. ಅಂದಿನಿಂದ ಅವ್ವ ವಾಕರ್ ಮುಟ್ಟಲೇ ಇಲ್ಲ. “ಕುಂದ್ರಾಕ ಬರದಿದ್ದ ಮ್ಯಾಲ ನಡದು ಏನ್ ಮಾಡ್ಲಿ ತಂಗಿ?” ಎನ್ನುವಳು; ಮಗಳಾದ ನನ್ನನ್ನು ಅವಳು ಕರೆಯುತ್ತಿದ್ದುದೇ ಹಾಗೆ. ಕಾಲು ದಿನದಿಂದ ದಿನಕ್ಕೆ ಬಿಗಿಯತೊಡಗಿತು. ಬೇಡಿಕೊಂಡೆ, ಬೈದೆ, ಒಮ್ಮೆ ತಾಟನ್ನೇ ಎತ್ತಿ ಒಗೆದೆ. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಇನ್ನೊಬ್ಬರು ಬಂದು ಅವಳ ತಲೆಯಲ್ಲಿ ಹುಳ ಬಿಡುವುದು ಬೇಡವೆಂದು ಶಾಲೆಗೆ ಹೋಗುವಾಗ ಬೀಗ ಹಾಕತೊಡಗಿದೆ. ಕೀಲಿ ನನ್ನ ಸೊಂಟದಲ್ಲೇ ಇರುತ್ತಿತ್ತು. ಅವ್ವ ಕೂಗಿದರೆ ಕಿಟಕಿಗೆ ಬಂದು ವಿಚಾರಿಸಲು ಪಕ್ಕದ ಮನೆಯ ನೀಲವ್ವನಿಗೆ ಹೇಳಿದ್ದೆ.

ಒಂದು ಶನಿವಾರ, ಮುಂಜಾನೆಯ ಶಾಲೆ ಮುಗಿಸಿ ಬಂದು ಬೀಗ ತೆಗೆದರೆ ಮಂಚ ಖಾಲಿ. ಅವ್ವ ಎದುರಿನ ಗೋಡೆಯ ಬುಡದಲ್ಲಿ ಬರೀ ನೆಲದ ಮೇಲೆ ಕೂತಿದ್ದಳು. ಎರಡೂ ಕಾಲು ಮಡಚಿದ್ದವು, ಬೆನ್ನು ನೆಟ್ಟಗಿತ್ತು, ಎಡ ಅಂಗೈಯಲ್ಲಿ ಲಿಂಗವಿತ್ತು, ಕಣ್ಣು ಮುಚ್ಚಿದ್ದವು. ವಾಕರ್ ನಾನು ಇಟ್ಟಿದ್ದ ಬಾಗಿಲ ಮೂಲೆಯಲ್ಲೇ ಇತ್ತು. ಸತ್ತೇ ಹೋದಳೆಂದು ಮೂಗಿನ ಹತ್ತಿರ ಬೆರಳಿಟ್ಟೆ. ಕಣ್ಣು ತೆರೆದಳು. ಮುಖದಲ್ಲಿ ನೋವಿನ ಸುಳಿವಿರಲಿಲ್ಲ. ನನಗೆ ಮೈ ಉರಿದುಹೋಯಿತು.

“ಯಾಕ ಕುಂತಿ? ಸಾಯಬೇಕಂತ ಮಾಡೀಯೇನು?”

“ನಾ ಕುಂತಿಲ್ಲ ತಂಗಿ. ನನ್ನ ಕುಂದರಸಿದ್ರು. ಅವ್ರ ಮುಖ ಕಾಣ್ಲಿಲ್ಲ, ಕೈ ಬೆಚ್ಚಗಿದ್ವು. ‘ನೋಡು, ಮಡಚಾಕ ಬರ್ತೈತಿ’ ಅಂದ್ರು.”

ನೀಲವ್ವನನ್ನು ಕರೆದೆ. ಇಬ್ಬರೂ ಸೇರಿ ಎತ್ತಿದರೂ ಉಸಿರು ಕಟ್ಟುವಷ್ಟು ಭಾರ. ನೀಲವ್ವ ಬೆಳಗಿನಿಂದ ತನ್ನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳಂತೆ. “ಒಂದು ನಾಯಿ ಸುದ್ದಾ ಬಂದಿಲ್ಲವ್ವಾ ನಿಮ್ಮ ಬಾಗಿಲಿಗೆ” ಎಂದಳು. ಹಿತ್ತಲ ಬಾಗಿಲಿನ ಅಗಳಿ ಒಳಗಿನಿಂದ ಹಾಕಿದಂತೆಯೇ ಇತ್ತು. ಅವ್ವ ತಾನೇ ಇಳಿದು ಕೂತಿರಬೇಕು ಎನ್ನುವಿರಿ. ಆ ಹೊತ್ತಿಗೆ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಲೂ ಅವಳಿಗೆ ನನ್ನ ಕೈ ಬೇಕಾಗಿತ್ತು.

ಮತ್ತೆ ಮಿರಜಿಗೆ ಓಡಿದೆ. ಎಕ್ಸ್‌ರೇಯಲ್ಲಿ ಕೀಲು ಇದ್ದಲ್ಲೇ ಇತ್ತು. ಡಾಕ್ಟರು ನನ್ನೆದುರಿಗೇ ಕಾಲು ಮಡಚಿ ನೋಡಿದರು. ಅರ್ಧಕ್ಕೆ ನಿಂತಿತು, ಅವ್ವ ಚೀರಿದಳು. ಹಾಗೆ ಕೂತಿರಲು ಸಾಧ್ಯವೇ ಇಲ್ಲ, ಗಾಬರಿಯಲ್ಲಿ ನಿಮಗೆ ಹಾಗೆ ಕಂಡಿದೆ ಎಂದು ನಕ್ಕರು. ನೆಲದಿಂದ ಎತ್ತಿದವಳು ನಾನು, ನಗುವವರು ಅವರು. ಅವರ ಮೇಲೂ ಸಿಟ್ಟು ಬಂತು.

ಮಿರಜಿನಿಂದ ಬಂದ ಮರುದಿನವೇ ಅವ್ವ ವಾಕರ್ ಕೇಳಿದಳು. ಒಂದು ದಿನವೂ ತಪ್ಪಿಸಲಿಲ್ಲ. ಯುಗಾದಿ ಹೊತ್ತಿಗೆ ಕೋಲು ಹಿಡಿದು ನೀಲವ್ವನ ಮನೆಗೆ ಹೋಗಿ ಬರುತ್ತಿದ್ದಳು. ನಾನು ಗಂಟಲು ಹರಿದುಕೊಂಡರೂ ಆಗದ ಕೆಲಸ, ಮುಖವಿಲ್ಲದ ಯಾರದೋ ಒಂದು ಮಾತಿಗೆ ಆಯಿತು. ಸಂತೋಷಪಡಬೇಕಾದವಳು ನಾನು ಹಲ್ಲು ಕಚ್ಚಿಕೊಂಡು ನೋಡಿದೆ. ಮನುಷ್ಯರು ಯಾರಾದರೂ ಮಾಡಿದ್ದರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ: ಕೀಲು ಜಾರಿದ್ದರೆ ಯಾರು ಗತಿ ಎಂದು. ಮನುಷ್ಯರಲ್ಲದಿದ್ದರೆ ಯಾರ ಕೊರಳಪಟ್ಟಿ ಹಿಡಿಯಲಿ?

ಅವ್ವ ಮುಂದೆ ಎಷ್ಟೋ ವರ್ಷ ಬದುಕಿದಳು. ಆ ಕಾಲು ಮಾತ್ರ ಮತ್ತೆಂದೂ ಅಷ್ಟು ಮಡಚಲಿಲ್ಲ. ಅವಳು ತೀರಿಕೊಂಡ ದಿನ ದೇಹವನ್ನು ಕೂರಿಸುವ ಹೊತ್ತಿಗೆ ನಾನು ಹಿತ್ತಲಿಗೆ ಹೋಗಿ ನಿಂತೆ. ಒಳಗೆ ಬಂದಾಗ ಸೊಂಟದಿಂದ ಕೆಳಗೆ ಶಾಲು ಹೊದಿಸಿದ್ದರು. ಕಾಲು ತಾನಾಗಿ ಮಡಚಿತೋ, ದೊಡ್ಡಪ್ಪ ಹೇಳಿದ ಹಾಗೆ ಮಾಡಿದರೋ, ನಾನು ಕೇಳಲಿಲ್ಲ. ಹೇಳಲು ಬಾಯಿ ತೆರೆದ ನೀಲವ್ವನನ್ನೂ ಗದರಿ ಸುಮ್ಮನಾಗಿಸಿದೆ.