ಎದುರಿಗೆ ಕೂತವಳು

ಮೈಲೂರಿನ ಟಾಂಗಾ ಕಾಶೀರಾಮ ಗಟ್ಟಿ ಆಳು, ನಿಯತ್ತಿನ ಮನುಷ್ಯ. ಕುಡಿತವಿಲ್ಲ, ಜಗಳವಿಲ್ಲ. ಇದ್ದದ್ದು ಒಂದೇ ಕಾಯಿಲೆ: ಯಾವುದನ್ನೂ ತೀರ್ಮಾನ ಮಾಡಲು ಅವನಿಗೆ ಬಾರದು. ಅಂಗಡಿಗೆ ಹೋದರೆ ಬೆಲ್ಲ ಕೊಳ್ಳಲೋ ಸಕ್ಕರೆ ಕೊಳ್ಳಲೋ ಎಂದು ನಿಂತು ನಿಂತು ಬರಿಗೈಯಲ್ಲಿ ಬರುವನು. ಬೀದರದ ನಡುಪೇಟೆಯ ಚೌಬಾರಾ ಬುರುಜಿನ ಹತ್ತಿರ ಗಿರಾಕಿ "ಎಡಕ್ಕ ಹೊಡೀರಿ" ಅಂದರೆ, "ಎಡಕ್ಕ ಹೊಡೀಲೇನ್ರಿ? ಬಲಕ್ಕ ಹೋದ್ರೂ ಮುಟ್ತದಲ್ಲರಿ?" ಎಂದು ತಿರುಗಿ ಕೇಳುವನು. ಅಷ್ಟರಲ್ಲಿ ಕುದುರೆ ತನಗೆ ತೋಚಿದ ಕಡೆ ತಿರುಗಿರುತ್ತಿತ್ತು. "ಟಾಂಗಾ ನಡಸೋದು ಕುದುರಿ. ನಮ್ಮನ್ಯಾಗಿನವರು ಸುಮ್ಮ ಮ್ಯಾಲ ಕುಂಡ್ರತಾರ" ಎಂದು ಹೆಂಡತಿ ಭಾಗೀರಥಿಬಾಯಿ ಓಣಿಯ ಹೆಂಗಸರನ್ನೆಲ್ಲ ನಗಿಸುತ್ತಿದ್ದಳು.

ನಗೆಯಲ್ಲಿ ತೇಲಿಹೋಗಬೇಕಾಗಿದ್ದ ಆ ಕಾಯಿಲೆ ಎಪ್ಪತ್ತೆರಡರ ಬರದ ವರ್ಷ ಅವನ ತಂಗಿಯ ಪಾಲಿಗೆ ಮುಳುವಾಯಿತು.

ತಂಗಿ ಸುಭದ್ರಾಬಾಯಿಯನ್ನು ಔರಾದ ಕಡೆಯ ಹಳ್ಳಿಗೆ ಕೊಟ್ಟಿತ್ತು. ತಂದೆತಾಯಿ ತೀರಿದ ಮೇಲೆ ಅವಳಿಗೆ ತವರು ಎಂದರೆ ಇವನೊಬ್ಬನೇ. ಪ್ರತಿ ಪಂಚಮಿಗೆ ಕುದುರೆಯ ಕೊರಳಿಗೆ ಗೆಜ್ಜೆ ಕಟ್ಟಿ, ದಿನವಿಡೀ ಟಾಂಗಾ ಹೊಡೆದುಕೊಂಡು ಹೋಗಿ ಕರೆತರುವನು. ಅವಳು ಬಂದು ಜೋಕಾಲಿ ಆಡಿ, ಉಂಡಿ ತಿಂದು, ಅತ್ತಿಗೆಯ ಜೊತೆ ಒಂದಿಷ್ಟು ಜಗಳ ತೆಗೆದು, ಹೊಸ ಕುಬಸ ತೊಟ್ಟು ಹೋಗುವಳು. ಆ ವರ್ಷ ಮಳೆ ಕೈಕೊಟ್ಟಿತು. ಮನೆಯಲ್ಲಿ ಉಂಡಿಗೆ ಎಳ್ಳಿಲ್ಲ, ಬೆಲ್ಲವಿಲ್ಲ, ರೊಟ್ಟಿಗೇ ಹಿಟ್ಟಿಲ್ಲ. ಕರೆತಂದು ಏನು ಉಣ್ಣಿಸಲಿ? ಕರೆಯದಿದ್ದರೆ ಅವಳು ಏನೆಂದುಕೊಂಡಾಳು? ಅಂತೂ ಹೊರಟ. ಅರ್ಧ ದಾರಿಯಲ್ಲಿ ಮರದ ನೆರಳಿಗೆ ಟಾಂಗಾ ನಿಲ್ಲಿಸಿ ವಿಚಾರ ಮಾಡಿದ. ವಿಚಾರ ಮುಗಿಯುವುದರೊಳಗೆ ಹೊತ್ತೇ ಇಳಿಯಿತು. ಏನು ಹೇಳೋಣ ಈ ಮನುಷ್ಯನಿಗೆ! ಗೆಜ್ಜೆ ಬಿಚ್ಚಿ ಸೀಟಿನ ಕೆಳಗಿಟ್ಟು ವಾಪಸು ಬಂದುಬಿಟ್ಟ.

ಅತ್ತ ಸುಭದ್ರಾ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲೇ ಕೂತಿದ್ದಳಂತೆ. ಓಣಿಯ ಸೊಸೆಯಂದಿರೆಲ್ಲ ತವರಿಗೆ ಹೋಗುವುದನ್ನು ನೋಡುತ್ತ ಕೂತಿದ್ದಳಂತೆ. ಹಬ್ಬ ಮುಗಿದ ಮೇಲೆ ಆ ಊರಿನವನೊಬ್ಬ ಬೀದರ ಬಜಾರಿನಲ್ಲಿ ಸಿಕ್ಕು ಅವಳ ಮಾತು ಮುಟ್ಟಿಸಿದ. "'ಇನ್ ಮ್ಯಾಲ ನಂಗ ಅಣ್ಣ ಇಲ್ಲಂತ ತಿಳೀತೇನಿ, ಹೇಳ್ರಿ ಅಂವಗ' ಅಂದಾಳ ನೋಡಪಾ."

ಈ ಸಲ ಕಾಶೀರಾಮ ಎಲ್ಲೂ ನಿಲ್ಲದೆ ಕುದುರೆ ಓಡಿಸಿದ. ಮನೆಗೆ ಬೀಗ. ಗಂಡಹೆಂಡತಿ ದುಡಿಯಲು ಊರು ಬಿಟ್ಟಿದ್ದರು. ಒಬ್ಬರು ಬೊಂಬಾಯಿ ಎಂದರು, ಇನ್ನೊಬ್ಬರು ಹೈದರಾಬಾದ ಎಂದರು, ಮೂರನೆಯವರು ಎಲ್ಲೋ ಕಲ್ಲು ಒಡೆಯುವ ಕೆಲಸಕ್ಕೆ ಎಂದರು. ಆಮೇಲೆ ಸುದ್ದಿಯೇ ಇಲ್ಲ.

ಆ ವರ್ಷ ಎಲ್ಲಕ್ಕೂ ಬರವಿದ್ದರೂ ಟಾಂಗಾಕ್ಕೆ ಗಿರಾಕಿಗಳ ಬರವಿರಲಿಲ್ಲ. ಹಾಸಿಗೆ, ಪಾತ್ರೆ, ಕೂಸು, ಕೋಳಿ ಎಲ್ಲವನ್ನೂ ಹೇರಿಕೊಂಡು ಜನ ಸ್ಟೇಷನ್ನಿಗೆ ಹೊರಡುತ್ತಿದ್ದರು. ಇಳಿಸುವಾಗ ಕಾಶೀರಾಮ ಪ್ರತಿಯೊಬ್ಬರನ್ನೂ ಕೇಳುವನು: "ಅಲ್ಲಿ ಸುಭದ್ರಾ ಅಂತ, ನನ್ನ ತಂಗಿ... ಸಿಕ್ಕಳಂದ್ರ..." ಸಿಕ್ಕರೆ ಏನು ಹೇಳಬೇಕು ಎಂಬುದು ಅವನಿಗೆ ಹೊಳೆಯುತ್ತಿರಲಿಲ್ಲ. ಅಷ್ಟರಲ್ಲಿ ಗಾಡಿ ಸಿಳ್ಳೆ ಹಾಕುತ್ತಿತ್ತು. ವರ್ಷ ಕಳೆಯಿತು. ಅವಳು ಬದುಕಿದ್ದಾಳೋ ಇಲ್ಲವೋ, ಬದುಕಿದ್ದರೆ ತನ್ನನ್ನು ಅಣ್ಣ ಅಂದಾಳೋ ಇಲ್ಲವೋ ಎಂಬ ಎರಡು ಮಾತು ಅವನ ತಲೆಯೊಳಗೆ ಉಳಿದವು.

ಮುಂದಿನ ಆಷಾಢದಲ್ಲಿ ದವಾಖಾನೆಯ ಗೋಡೆಯ ಪಕ್ಕ ಒಂದು ನೀಲಿ ವ್ಯಾನು ಬಂದು ನಿಂತಿತು. ಕಿಟಕಿಗೆ ಪರದೆ, ಒಳಗೆ ಮಲಗಲು ಹಲಗೆ, ಸ್ಟೋವು, ನೀರಿನ ಡ್ರಮ್ಮು, ಗೂಟಕ್ಕೆ ಕನ್ನಡಿ. ಜನ ಅದಕ್ಕೆ ಮನಿಗಾಡಿ ಎಂದು ಹೆಸರಿಟ್ಟರು. ಬೊಂಬಾಯಿಯ ಒಬ್ಬ ಮೇಡಂ ಅದರಲ್ಲೇ ಉಂಡು, ಅದರಲ್ಲೇ ಮಲಗಿ, ಹಳ್ಳಿಹಳ್ಳಿ ತಿರುಗಿ ಹೆಂಗಸರ ಹಾಡನ್ನು ಪೆಟ್ಟಿಗೆಯಲ್ಲಿ ತುಂಬಿಕೊಳ್ಳುತ್ತಿದ್ದಳು. ಬೀದರಕ್ಕೆ ಬರುವಷ್ಟರಲ್ಲಿ ಕಾಮಣಿ ಜೋರಾಗಿ, ಕಣ್ಣೆಲ್ಲ ಹಳದಿಯಾಗಿ ದವಾಖಾನೆ ಸೇರಿದ್ದಳು. ಮಾತಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ವ್ಯಾನು ಕಾಯುತ್ತ ಉಳಿದವನು ಹೈದರಾಬಾದಿನ ಡ್ರೈವರ ಸಲಾವೋದ್ದೀನ. ಬೇಸರ ಕಳೆಯಲು ಅವನು ಮೇಡಮ್ಮಿನ ಪೆಟ್ಟಿಗೆಗೆ ಕೈಗೆ ಸಿಕ್ಕ ಟೇಪು ಹಾಕಿ, ಬಾಗಿಲು ತೆರೆದಿಟ್ಟು ಬೀಡಿ ಸೇದುತ್ತ ಕೂರುತ್ತಿದ್ದ.

ಟಾಂಗಾ ಸ್ಟ್ಯಾಂಡು ಅದರ ಎದುರಿಗೇ. ಒಂದು ಮಧ್ಯಾಹ್ನ ಕಾಶೀರಾಮ ಕುದುರೆಗೆ ನೀರು ಕುಡಿಸುತ್ತಿದ್ದಾಗ ವ್ಯಾನಿನೊಳಗಿಂದ ಬೀಸುಕಲ್ಲಿನ ಘರಘರ ಸದ್ದು ಬಂತು. ಅದರ ಮೇಲೆ ಹೆಂಗಸೊಬ್ಬಳ ದನಿ:

ಮೈಲೂರ ದಾರಿಯಾಗ ಗೆಜ್ಜಿ ಸಪ್ಪಳ ಕೇಳಿ
ಬಾಗಿಲಿಗಿ ಬಂದೆ ಬರಿಗಾಲ | ಕಾಶೀರಾಮ
ಟಾಂಗಾದ ತುಂಬ ತವರೂರ

ಬಕೆಟ್ಟು ಕೈಯಿಂದ ಜಾರಿತು. ಆ ಬರದಲ್ಲಿ ಒಂದು ಬಕೆಟ್ಟು ನೀರು ನೆಲದ ಪಾಲಾದರೆ ಜನ ಬಾಯಿಗೆ ಬಂದಂತೆ ಬಯ್ಯುತ್ತಾರೆ; ಬಯ್ದರು. ಅವನಿಗೆ ಕೇಳಿಸಲಿಲ್ಲ. ಮೈಲೂರಿನಲ್ಲಿ ಟಾಂಗಾ ಇದ್ದ ಕಾಶೀರಾಮ ಇನ್ನೊಬ್ಬನಿಲ್ಲ. ಬೀಸುವ ಹಾಡಿನಲ್ಲಿ ಹೆಂಗಸರು ಅಣ್ಣತಮ್ಮಂದಿರ ಹೆಸರು ಎತ್ತುತ್ತಾರೆ ಎಂಬುದು ಅವನಿಗೂ ಗೊತ್ತು. ಹಾಗಾದರೆ ಇದು ಸುಭದ್ರಾ! ಬದುಕಿದ್ದಾಳೆ! ವ್ಯಾನಿನ ಮೆಟ್ಟಿಲು ಹತ್ತಿ ಒಳಗೇ ನುಗ್ಗಿದ.

"ಇನ್ನೊಮ್ಮಿ ಹಚ್ಚರಿ. ಅದೇ. ಈಗ ಬಂತಲ್ಲ, ಅದೇ!"

"ಆರಾಮ ಭಾಯ್, ಆರಾಮ. ಕುಂಡ್ರಿ ಮೊದಲ" ಎಂದು ಸಲಾವೋದ್ದೀನ ಹಲಗೆ ಝಾಡಿಸಿ ಕೂರಿಸಿದ. ವಿಷಯ ಕೇಳಿ ಅವನಿಗೂ ಮನಸ್ಸು ಕರಗಿತು. ಟೇಪು ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದ. ಮತ್ತೆ ಅದೇ ಹಾಡು. ಕಾಶೀರಾಮ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

"ಎಲ್ಲಿ ತುಂಬಿದ್ದರಿ ಇದು?"

ಸಲಾವೋದ್ದೀನ ತಲೆ ಕೆರೆದುಕೊಂಡ. "ಭಾಲ್ಕಿ ಕಡೀದು ಇರಬೇಕು. ರಸ್ತಾ ಕೆಲಸದವರು ಕಲ್ಲು ಒಡೀತಿದ್ರು, ಕೂಲಿಗಿ ಕೊಟ್ಟ ಕೆಂಪು ಜೋಳ ಅಲ್ಲೇ ಬೀಸ್ತಿದ್ರು. ಇಲ್ಲಾ... ಔರಾದದ್ದೇನೋ. ಅಲ್ಲೂ ಕಲ್ಲು ಒಡೀತಿದ್ರು, ಅಲ್ಲೂ ಬೀಸ್ತಿದ್ರು. ಮೇಡಂಗ ಗೊತ್ತದ. ಅವ್ರು ಎದ್ದ ಮ್ಯಾಲ ಕೇಳ್ತೇನಿ, ಅಲ್ಲಾ ಕಸಂ."

ಅಲ್ಲಿಗೆ ಸುಮ್ಮನಿದ್ದರೆ ಅವನು ಕಾಶೀರಾಮನೇ ಅಲ್ಲ. ಮರುದಿನ ಬಂದು ಕೇಳಿದ, ಅದರ ಮರುದಿನವೂ ಬಂದು ಕೇಳಿದ. ಗಿರಾಕಿಗಳು ಹೊರಗೆ ಕೂಗುತ್ತಿದ್ದರೂ ವ್ಯಾನಿನೊಳಗಿನ ಹಲಗೆ ಬಿಡಲಿಲ್ಲ. ಕೇಳಿದಷ್ಟೂ ಸಂತೋಷ ಸೋರಿಹೋಗಿ ಅನುಮಾನ ತುಂಬತೊಡಗಿತು. ಈ ದನಿ ಒಡಕಲು. ಸುಭದ್ರಾಳ ದನಿ ಹೀಗಿತ್ತೇ? ಕಲ್ಲಿನ ಧೂಳು ಕುಡಿದು ಹೀಗಾಗಿದೆಯೇ? ಮೊದಲಾದರೂ ಹೇಗಿತ್ತು? ನೆನೆಸಿಕೊಳ್ಳಲು ಹೋದ, ಬರಲಿಲ್ಲ. ತವರಿಗೆ ಬಂದಾಗಲೆಲ್ಲ ಅವಳು ನಸುಕಿನಲ್ಲಿ ಎದ್ದು ಅತ್ತಿಗೆಯ ಜೊತೆ ಬೀಸುತ್ತಿದ್ದಳು, ಇವನು ಕೌದಿ ಎಳೆದುಕೊಂಡು ಮಲಗಿರುತ್ತಿದ್ದ. ಒಡಹುಟ್ಟಿದವಳ ಹಾಡಿನ ದನಿ ಗುರುತು ಸಿಗುವುದಿಲ್ಲವಲ್ಲ, ನಾನೆಂಥ ಅಣ್ಣ ಎಂದು ಅವನಿಗೆ ನಾಚಿಕೆಯಾಯಿತು.

ಅದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿತ್ತು. ಅಣ್ಣ ಇಲ್ಲ ಎಂದು ಹೇಳಿಕಳಿಸಿದವಳು ಅಣ್ಣನ ಹೆಸರು ಯಾಕೆ ಎತ್ತಿದಳು? ಸಿಟ್ಟು ಇಳಿದಿದೆಯೇ? ಅಥವಾ ಇದು ಚುಚ್ಚುಮಾತೇ? ಗೆಜ್ಜೆ ಸಪ್ಪಳ ಕೇಳಿ ಬಾಗಿಲಿಗೆ ಬಂದಳಂತೆ. ಹೋದ ವರ್ಷ ಅವಳಿಗೆ ಯಾವ ಗೆಜ್ಜೆ ಕೇಳಿಸಿತ್ತು? ಟಾಂಗಾದ ತುಂಬ ತವರೂರಂತೆ!

"ಹಾಡು ಅಂದ್ರ ಹಾಡು ಭಾಯ್. ಅದ್ರಾಗ ಇಷ್ಟ್ಯಾಕ ತಲಿ ಹಾಕ್ತೀರಿ?" ಎಂದ ಸಲಾವೋದ್ದೀನ.

"ಹೊಗಳ್ಯಾಳೋ ಬಯ್ದಾಳೋ ತಿಳೀವಲ್ದು ನೋಡ್ರಿ. ನಿಮಗೇನನಸ್ತದ?"

"ನನಗ ಹಸಿವಿ ಆಗ್ಯದ ಅನಸ್ತದ" ಎಂದು ಸಲಾವೋದ್ದೀನ ಸ್ಟೋವು ಹಚ್ಚಿದ.

ಮನೆಯಲ್ಲಿ ಈ ಸುದ್ದಿ ಹೇಳಲೋ ಬೇಡವೋ ಎಂಬುದೂ ಒಂದು ವಿಚಾರವಾಗಿತ್ತು. ಕೊನೆಗೆ ರೊಟ್ಟಿ ಮುರಿಯುತ್ತ ಬಾಯಿಬಿಟ್ಟ. ಭಾಗೀರಥಿಬಾಯಿ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಹಾಗೇ ಹಿಡಿದುಕೊಂಡು ಅವನನ್ನು ನೋಡಿದಳು.

"ಇಷ್ಟ ದಿನಾ ಕೇಳಿ ಈಗ ಹೇಳ್ತೀರೇನು? ಗಂಡಸರು ಬೀಸೋ ಹಾಡು ಕೇಳಿ ಏನ್ ತಿಳಕೊಂಡೀರಿ? ನಿಮ್ಮ ತಂಗಿ ಎದುರಿಗಿ ಕುಂತು ಬೀಸ್ದಾಕಿ ನಾನು. ನಾಳಿ ನಂಗ ಕರಕೊಂಡ್ ಹೋಗ್ರಿ."

ಮರುದಿನ ಅವಳು ಸೆರಗು ಹೊದ್ದು ವ್ಯಾನು ಹತ್ತಿದಳು. ಸ್ಟೋವು, ಕನ್ನಡಿ, ಪರದೆ ಎಲ್ಲವನ್ನೂ ಒಮ್ಮೆ ನೋಡಿ "ಬಣ್ಣಾ ಛಂದ ಅದ, ಆದ್ರ ಕಸಾ ಹೊಡದಿಲ್ಲ" ಎಂದಳು. ಸಲಾವೋದ್ದೀನ ನಾಚಿ ಬೀಡಿ ತುಂಡುಗಳನ್ನು ಕಾಲಿನಿಂದ ಹೊರಗೆ ಸರಿಸಿ, "ಕುಂಡ್ರಿ ಆಪಾ" ಎಂದು ಟೇಪು ಹಚ್ಚಿದ.

ಕಲ್ಲು ತಿರುಗಿತು. ಹಾಡು ಬಂತು. ಟಾಂಗಾದ ತುಂಬ ತವರೂರ ಎಂದು ದನಿ ನಿಂತಿತು. ಬರೀ ಕಲ್ಲಿನ ಸದ್ದು. ದನಿ ಮತ್ತೆ ಅದೇ ನುಡಿ ಎತ್ತಿ, ಮತ್ತೆ ನಿಂತಿತು. ಮತ್ತೆ ಬರೀ ಕಲ್ಲು. ಆಮೇಲೆ ಯಾರೋ ನಿಟ್ಟುಸಿರಿಟ್ಟರು, ಬೇರೆ ಹಾಡು ಶುರುವಾಯಿತು.

ಕಾಶೀರಾಮನಿಗೆ ತಡೆಯಲಾಗಲಿಲ್ಲ.

"ಆಕೀನೇ ಹೌದಲ್ಲ?"

"ಅಲ್ಲ."

ಅವನ ಮುಖ ಇಳಿಯಿತು. ಅವಳು ಅವನ ಮೊಣಕೈ ಮೇಲೆ ಕೈಯಿಟ್ಟಳು. ಪರರ ಎದುರು ಅವಳು ಎಂದೂ ಹಾಗೆ ಮಾಡಿದವಳಲ್ಲ.

"ಹಾಡಿದಾಕಿ ಯಾರೋ ಬ್ಯಾರೆ. ಇಬ್ಬರು ಎದುರಾಬದರಾ ಕುಂತು ಬೀಸಾಗ ತನ್ನ ಅಣ್ಣನ ಹೆಸರು ತಾನೇ ಎತ್ತೋದಿಲ್ಲರಿ, ನಗ್ತಾರ. ಆಕಿ ಅಣ್ಣನ ಹೆಸರು ಈಕಿ ಎತ್ತಬೇಕು, ಈಕಿ ಅಣ್ಣನ ಹೆಸರು ಆಕಿ ಎತ್ತಬೇಕು. ನಾನು ನಿಮ್ಮ ಹೆಸರು ಬಾಯಿಲೆ ಹೇಳಲಾರೆ, ಅದಕ್ಕ ಮೈಲೂರ ಸರದಾರ ಅಂತ ಎತ್ತತಿದ್ದೆ. ಈ ಹಾಡಿದಾಕಿ ನಿಮ್ಮ ಹೆಸರು ಎತ್ಯಾಳಂದ್ರ, ಎದುರಿಗಿ ಕುಂತು ಬೀಸಿದಾಕಿ ಸುಭದ್ರಾ."

ಕಾಶೀರಾಮ ಪೆಟ್ಟಿಗೆಯನ್ನು ನೋಡಿದ. ಸಲಾವೋದ್ದೀನನನ್ನು ನೋಡಿದ. ಮತ್ತೆ ಹೆಂಡತಿಯನ್ನು ನೋಡಿದ.

"ಅಂದ್ರ ಆಕಿ ಇದ್ದಾಳ?"

"ಇದ್ದಾಳ. ಇಬ್ಬರ ಕೈ ಕೂಡಿದ್ರೇನೇ ಕಲ್ಲು ಇಷ್ಟು ಜೋರ್ ತಿರಗತದ. ಬಳಿ ಸಪ್ಪಳಾನೂ ಎರಡು ಕಡಿ ಬರ್ತದ, ಕೇಳಿಲ್ಲೇನು?"

ಅವನಿಗೆ ನಗು ಬಂತು, ಅಳುವೂ ಬಂತು. "ಮತ್ತ ಆಕಿ ಯಾಕ ಹಾಡಿಲ್ಲ?" ಎಂದ.

ಭಾಗೀರಥಿಬಾಯಿ ಅವನ ಮೊಣಕೈಯಿಂದ ಕೈ ತೆಗೆದು ಪೆಟ್ಟಿಗೆಯ ಕಡೆ ತೋರಿಸಿದಳು.

"ತನ್ನ ಅಣ್ಣನ ಹೆಸರು ಬಂತಂದ್ರ ಎದುರಿಗಿ ಕುಂತಾಕಿ ಕಡೀ ನುಡಿ ತಿರುಗಿ ಎತ್ತಬೇಕ್ರಿ. ಹೌದು, ನನ್ನಣ್ಣ ಅಂದಂಗ ಅದು. ಹಾಡಿದಾಕಿ ಎರಡು ಸಲ ಎತ್ತಿ ಕಾದಾಳ. ಸುಭದ್ರಾ ಎರಡೂ ಸಲ ಎತ್ತಿಲ್ಲ."

ವ್ಯಾನಿನೊಳಗೆ ಸೆಕೆ. ಹೊರಗೆ ಯಾರೋ "ಏ ಟಾಂಗಾ!" ಎಂದು ಕೂಗಿದರು, ಕೂಗಿ ಕೂಗಿ ಸುಮ್ಮನಾದರು.

"ಆದ್ರ ನಿಮ್ಮ ಹೆಸರು, ಮೈಲೂರು, ಟಾಂಗಾ, ಗೆಜ್ಜಿ, ಇದೆಲ್ಲ ಆ ಪರರಾಕಿಗಿ ಯಾರು ಹೇಳ್ಯಾರು?" ಎಂದು ಭಾಗೀರಥಿಬಾಯಿ ಮೆಲ್ಲಗೆ ಕೇಳಿದಳು. "ಈಕೀನೇ ಹೇಳ್ಯಾಳ. ಕುಂತು ಎಲ್ಲಾ ಹೇಳ್ಯಾಳ. ಹೇಳಿ, ಮತ್ತ ಬಾಯಿ ಮುಚ್ಯಾಳ."

ಹೇಳಿದ್ದಾಳೆ, ಎತ್ತಿಲ್ಲ. ನೆನೆಸಿದ್ದಾಳೆ, ಒಪ್ಪಿಲ್ಲ. ಕಾಶೀರಾಮನಿಗೆ ಯಾವ ತುದಿ ಹಿಡಿಯಬೇಕೋ ತಿಳಿಯಲಿಲ್ಲ. ಮೇಡಂ ಎದ್ದು ಭಾಲ್ಕಿ ಎಂದರೆ ಭಾಲ್ಕಿಗೆ, ಔರಾದ ಎಂದರೆ ಔರಾದಕ್ಕೆ ಹೋದೇನು. ಪಂಚಮಿ ಹತ್ತಿರವೇ ಇದೆ. ಹೋಗಿ ಅವಳ ಮುಂದೆ ನಿಂತು ಏನೆನ್ನಲಿ? ಅವಳು ಮೋರೆ ತಿರುಗಿಸಿದರೆ? ತಿರುಗಿಸದಿದ್ದರೆ? ಎರಡನ್ನೂ ತಡೆಯುವ ಶಕ್ತಿ ತನಗಿಲ್ಲ ಎನಿಸಿತು.

"ಇನ್ನೊಮ್ಮಿ ಹಚ್ಚರಿ" ಎಂದ.

ಸಲಾವೋದ್ದೀನ ಹಚ್ಚಿದ. ಈ ಸಲ ಕಾಶೀರಾಮ ಹಾಡಿಗೆ ಕಿವಿ ಕೊಡಲಿಲ್ಲ. ಹಾಡು ನಿಂತ ಕಡೆ ಮುಂದಕ್ಕೆ ಬಾಗಿ, ಪೆಟ್ಟಿಗೆಗೆ ಕಿವಿ ಹಚ್ಚಿ ಕೂತ. ಒಳಗೆ ಕಲ್ಲು ತಿರುಗುತ್ತಿತ್ತು. ಬಳೆ ಕಿಣಿಗುಟ್ಟುತ್ತಿತ್ತು.

ಹಾಡು ಮುಗಿಯಿತೆಂದು ತಿಳಿದು ಸಲಾವೋದ್ದೀನ ಗುಂಡಿಯ ಮೇಲೆ ಬೆರಳಿಟ್ಟ. "ಬಂದ್ ಮಾಡ್ಲಿ ಭಾಯ್?"

ಕಾಶೀರಾಮ ಅವನ ಕೈ ಹಿಡಿದುಕೊಂಡ.

"ಬ್ಯಾಡರಿ. ಆಕಿ ಇನ್ನಾ ಬೀಸಲತ್ತಾಳ."