ಸಾಹೇಬರು ಸಭೆಗೆ ಹೋಗದ ಶುಕ್ರವಾರ

ಕನ್ನಡ ಸಂಘದ ಹಲಗೆ ಓದುವ ಗೆಳೆಯರೇ, ಇದು ಇವತ್ತೇ ನಡೆದದ್ದು. ಕೈ ತಣ್ಣಗಾಗುವ ಮೊದಲೇ ಬರೆದು ಅಂಟಿಸುತ್ತಿದ್ದೇನೆ.

ಪುಣೆ ಹತ್ತಿರದ ಪಿಂಪ್ರಿಯ ನಮ್ಮ ಗುಡಿಸಲು ವಸ್ತಿಯ ಹೊಸ ನಲ್ಲಿ ತಿರುಗಿಸಲು ಶಾಸಕರು ಬಂದಿದ್ದರು. ಸೊಲ್ಲಾಪುರದ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತದೆ. ಇಷ್ಟು ವರ್ಷದಲ್ಲಿ ಅವರು ಮುಂಬಯಿಯ ವಿಧಾನಸಭೆಯಲ್ಲಿ ಮಂಡಿಸಿದ್ದು ಒಂದೇ ಮಸೂದೆ: ನಮ್ಮಂಥವರ ಗುಡಿಸಲಿನ ಜಾಗ ನಮ್ಮ ಹೆಸರಿಗಾಗಲಿ ಎಂದು. ಶಾಸಕರ ಸ್ವಂತ ಮಸೂದೆಗಳಿಗೆ ಶುಕ್ರವಾರವೇ ಸರದಿ; ಆ ಶುಕ್ರವಾರ ಮಂಡಿಸಿದವರೇ ಸಭೆಯಲ್ಲಿರಲಿಲ್ಲ. ಮತಕ್ಕೂ ಹೋಗದೆ ಬಿದ್ದುಹೋಯಿತು.

ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ. "ಸಾಹೇಬರ, ನಮ್ಮ ಮಸೂದೆ ಬಂದ ದಿನ ನೀವು ಎಲ್ಲಿ ಹೋಗಿದ್ರಿ?"

ಅವರು ಸಿಟ್ಟಾಗಲಿಲ್ಲ. ಡೈರಿ ತೆಗೆದು ಪುಟ ತೋರಿಸಿದರು. "ನಿಮ್ಮ ಮಗಳ ಲಗ್ನದಾಗ ಇದ್ದೆ ನೋಡ್ರಿ. ಸಾಹೇಬರು ಬರೂತನಕ ಅಕ್ಕಿಕಾಳು ಹಾಕಂಗಿಲ್ಲ ಅಂತ ಹಟ ಹಿಡಿದವರು ನೀವ ಅಲ್ಲೇನ್ರಿ?"

ನಾನೇ. ಲಗ್ನಪತ್ರಿಕೆಯಲ್ಲಿ ಅಳಿಯನಿಗಿಂತ ದಪ್ಪ ಅಕ್ಷರದಲ್ಲಿ ಅವರ ಹೆಸರು ಹಾಕಿಸಿದವನೂ ನಾನೇ.

ಅಷ್ಟರಲ್ಲಿ ಪಕ್ಕದ ಮನೆಯ ಮೇಸ್ತ್ರಿ ಶರಣಪ್ಪ ತನ್ನ ಮಗನ ಲಗ್ನಪತ್ರಿಕೆ ಚಾಚಿದ. ಸಾಹೇಬರು ತಾರೀಖು ನೋಡಿದರು. "ಶುಕ್ರವಾರ ಅದ. ಬಿದ್ದ ಮಸೂದೆ ಮತ್ತ ಮಂಡಿಸೇನಿ, ಅವತ್ತ ಸಭಾಕ್ಕ ಬರೂದದ, ಶರಣಪ್ಪ."

"ಸಭಾ ಯಾವಾಗಲೂ ಇರ್ತದರಿ. ಮಗಾ ನನಗ ಒಬ್ಬನ ಅದಾನ."

ಸಾಹೇಬರು ನಿಟ್ಟುಸಿರು ಬಿಟ್ಟು ಡೈರಿಯಲ್ಲಿ ಲಗ್ನ ಬರೆದುಕೊಂಡರು. ಇಡೀ ವಸ್ತಿ ಚಪ್ಪಾಳೆ ತಟ್ಟಿತು. ಸುಳ್ಳೇಕೆ ಹೇಳಲಿ, ನಾನೂ ತಟ್ಟಿದೆ.