ಮೆತ್ತಗೆ ಹೇಳಿದ ‘ಇಲ್ಲ’

“ಅದೆಲ್ಲಾ ಕಂಟೇನರ್ ನೋಡ್ಕೊಳ್ಳುತ್ತೆ ಬಿಡ್ರೀ.”

ದೇವರ ಮೇಲೆ ಭಾರ ಹಾಕುವವರ ಹಾಗೆ ನಮ್ಮ ಮ್ಯಾನೇಜರ್ ಈ ಮಾತು ಹೇಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಎರಡು ಸಾವಿರನೇ ಇಸವಿಯ ಆಸುಪಾಸು. ಚಾಮರಾಜಪೇಟೆಯ ಒಂದು ಕಲ್ಯಾಣಮಂಟಪಕ್ಕೆ ನಾವು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬುಕಿಂಗ್ ವ್ಯವಸ್ಥೆ ಮಾಡಿಕೊಟ್ಟಿದ್ದೆವು. ಸರ್ವರೂ ಒಂದು ಕೌಂಟರೂ ಅಲ್ಲೇ, ಇನ್ನೊಂದು ಕೌಂಟರ್ ಮಲ್ಲೇಶ್ವರದಲ್ಲಿ. ಮದುವೆಯ ದಿನ ಬದಲಿಸಬೇಕೆಂದರೆ ಒಂದು ಬೀನ್ ಹಳೆಯ ದಿನವನ್ನು ಬಿಟ್ಟುಕೊಟ್ಟು, ಹೊಸ ದಿನ ಹಿಡಿಯಲು ಇನ್ನೊಂದು ಬೀನನ್ನು ಕರೆಯುತ್ತಿತ್ತು. ಬೀನ್ ಅಂದರೆ ಪ್ರೋಗ್ರಾಮಿನ ಒಂದೊಂದು ತುಂಡು. ಅವನ್ನೆಲ್ಲ ನಡೆಸುವ ಯಜಮಾನನೇ ಕಂಟೇನರ್. ಬೀನ್ ನಡುವೆ ಕುಸಿದುಬಿದ್ದರೆ ಅದುವರೆಗೆ ಆದದ್ದನ್ನೆಲ್ಲ ಅದು ರದ್ದು ಮಾಡುತ್ತದೆ, ನಿಜ. ಆದರೆ ಬೀನ್ ಮರ್ಯಾದೆಯಿಂದ ‘ದಿನ ಖಾಲಿ ಇಲ್ಲ’ ಎಂದು ಎಕ್ಸೆಪ್ಷನ್, ಅಂದರೆ ಒಂದು ತಕರಾರು ಚೀಟಿ, ಕಳಿಸಿದರೆ, ಕಂಟೇನರ್ ಅದು ನಿಮ್ಮ ವ್ಯವಹಾರ ಎಂದು ಸುಮ್ಮನಿದ್ದು, ಆದಷ್ಟನ್ನು ಖಾಯಂ ಮಾಡಿಬಿಡುತ್ತದೆ. ರದ್ದು ಮಾಡು ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಆ ಒಂದು ಸಾಲು ಸೇರಿಸೋಣ ಎಂದು ಮ್ಯಾನೇಜರನ್ನು ಎರಡು ಸಲ ಕೇಳಿದ್ದೆ; ಸಿಕ್ಕಿದ್ದು ಅದೇ ಮಾತು.

ಒಂದು ಬೆಳಗ್ಗೆ ನಾನು ಚಾಮರಾಜಪೇಟೆಯ ಕೌಂಟರಿನಲ್ಲಿದ್ದೆ. ಮ್ಯಾನೇಜರ್ ಒಳಗೆ ಮಂಟಪದವರ ಜೊತೆ ಕಾಫಿ ಕುಡಿಯುತ್ತಿದ್ದರು. ಸ್ಕೂಲ್ ಮೇಷ್ಟ್ರೊಬ್ಬರು ಬಂದು, ಬೀಗರು ಬೇರೆ ಮುಹೂರ್ತ ಕೇಳಿದ್ದಾರೆ, ಮಗಳ ಮದುವೆಯನ್ನು ಮುಂದಿನ ವಾರಕ್ಕೆ ಹಾಕಲಾದೀತೇ ಎಂದರು. ಗುಮಾಸ್ತರು ಗುಂಡಿ ಒತ್ತಿದರು. ದಿನ ಖಾಲಿ ಇಲ್ಲ ಎಂದು ಬಂತು.

“ಹೋಗ್ಲಿ ಬಿಡಿ, ಹಳೇ ದಿನಾನೇ ಇರ್ಲಿ. ಸುಲ್ತಾನ್‌ಪೇಟೆಗೆ ಹೋಗಿ ಪತ್ರಿಕೆ ಅಚ್ಚಿಗೆ ಕೊಟ್ಬಿಡ್ತೀನಿ,” ಎಂದು ಮೇಷ್ಟ್ರು ಎದ್ದರು.

ನಾನು ಪರದೆ ನೋಡಿದೆ. ಅವರ ಹಳೆಯ ದಿನ ಹಸಿರಾಗಿತ್ತು, ಅಂದರೆ ಖಾಲಿ. ಹೊಸದೂ ಸಿಗಲಿಲ್ಲ, ಕೈಯಲ್ಲಿದ್ದದ್ದೂ ಹೋಯಿತು. ತಕ್ಷಣ ಆ ದಿನವನ್ನು ಮತ್ತೆ ಮೇಷ್ಟ್ರ ಹೆಸರಿಗೆ ಹಾಕಲು ಹೋದೆ. ಪರದೆ ಅಲುಗಾಡಲಿಲ್ಲ. ಮಲ್ಲೇಶ್ವರದ ಕೌಂಟರ್ ಆಗಲೇ ಅದೇ ದಿನಕ್ಕೆ ಕೈಹಾಕಿತ್ತು. ಅವರ ಬುಕಿಂಗ್ ಮುಗಿಯುವವರೆಗೆ ನನ್ನದು ಕಾಯಬೇಕು. ಫೋನ್ ಮಾಡಿದೆ. ಎಂಗೇಜ್. ಅವರ ಮೋಡೆಮ್ ಓಡುತ್ತಿದ್ದದ್ದೂ ಅದೇ ಲೈನಿನಲ್ಲಿ.

“ಮೇಷ್ಟ್ರೇ, ಒಂದ್ನಿಮಿಷ ಕೂತ್ಕೊಳ್ಳಿ,” ಎಂದವಳೇ ಸರ್ವರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತೆ.

“ಅಯ್ಯೋ, ಏನಮ್ಮಾ ಮಾಡ್ಬಿಟ್ಟೆ!” ಎಂದು ಗುಮಾಸ್ತರು ಕೂಗಿದ ದನಿಗೆ ಮ್ಯಾನೇಜರ್ ಓಡಿಬಂದರು. ಪ್ಲಗ್ ಮತ್ತೆ ಹಾಕಿದೆ. ಸರ್ವರ್ ಮೆಲ್ಲಗೆ ಏಳತೊಡಗಿತು.

“ನಮ್ಮ ದಿನ ಇದೆ ತಾನೇನಮ್ಮಾ?” ಮೇಷ್ಟ್ರು ಕೇಳಿದರು.

ಪರದೆ ಬಂತು. ದಿನ ಹಸಿರಾಗಿಯೇ ಇತ್ತು. ಅರ್ಧಕ್ಕೆ ಕುಸಿದ ಮಲ್ಲೇಶ್ವರದ ಬುಕಿಂಗ್ ನಿಯಮದಂತೆ ತಾನೇ ರದ್ದಾಗಿತ್ತು. ಮಲ್ಲೇಶ್ವರದವರು ಮತ್ತೆ ಕೈಹಾಕುವ ಮೊದಲೇ ಮೇಷ್ಟ್ರ ಹೆಸರು ಹೊಡೆದು ಗುಂಡಿ ಒತ್ತಿದೆ. ಹಸಿರು ಕೆಂಪಾಯಿತು.

“ಇದೆ ಮೇಷ್ಟ್ರೇ. ಅಚ್ಚಿಗೆ ಕೊಡಿ.”

ಅವರು ಅತ್ತ ಹೋದದ್ದೇ ಮ್ಯಾನೇಜರ್ ಶುರುಮಾಡಿದರು. “ಏನ್ರೀ ಇದು? ಬಾಯಲ್ಲಿ ಹೇಳಕ್ಕಾಗಲ್ವಾ ನಿಮಗೆ?”

“ಹೇಳಿದ್ದೆ ಸರ್, ಎರಡು ಸಲ. ಮೆತ್ತಗೆ ಹೇಳಿದ್ದು ನಿಮ್ಮ ಕಂಟೇನರ್‌ಗೂ ಕೇಳ್ಸಲ್ಲ, ನಿಮಗೂ ಕೇಳ್ಸಲ್ಲ.”

ಆ ಒಂದು ಸಾಲನ್ನು ಅಂದೇ ಸೇರಿಸಿದೆ. ಈ ಸಲ ಯಾರನ್ನೂ ಕೇಳಲಿಲ್ಲ.